ಮರ ಎಣಿಸುವ ಮುಂಚೆ ಒಮ್ಮೆ ಕಾವಲಿಗೆ ಬನ್ನಿ

ಕರ್ನಾಟಕದ ಅರಣ್ಯ ಸಚಿವರಿಗೆ, ಕಂದಾಯ ಸಚಿವರಿಗೆ, ಕಾಡಿನಂಥ ಜಾಗಗಳನ್ನು ಗುರುತಿಸುವ ತಜ್ಞರ ಸಮಿತಿಯಲ್ಲಿ ಕೂರುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಸುಪ್ರೀಂ ಕೋರ್ಟ್ 2025ರ ಮಾರ್ಚ್ 4ರಂದು ಎಲ್ಲ ರಾಜ್ಯಗಳಿಗೂ ಗಡುವು ಹಾಕಿತು. ಒಂದು ತಿಂಗಳಲ್ಲಿ ತಜ್ಞರ ಸಮಿತಿ ಮಾಡಿ, ಆರು ತಿಂಗಳಲ್ಲಿ ಕಾಡಿನಂಥ ಜಾಗಗಳ ಪಟ್ಟಿ ಮುಗಿಸಿ, ಇಲ್ಲದಿದ್ದರೆ ಮುಖ್ಯ ಕಾರ್ಯದರ್ಶಿಗಳನ್ನೇ ಹೊಣೆ ಮಾಡುತ್ತೇವೆ ಎಂದಿತು. ಇದೇ ಕೋರ್ಟು, ಕಾಡು ಕಡಿಯುವುದರ ವಿರುದ್ಧದ ಗೋದಾವರ್ಮನ್ ಪ್ರಕರಣದಲ್ಲಿ ಇದೇ ಕೆಲಸವನ್ನು 1996ರ ಡಿಸೆಂಬರ್ 12ರಂದೇ ಹೇಳಿತ್ತು. ಸಮಿತಿ ಮಾಡಲು ಆಗಲೂ ಒಂದೇ ತಿಂಗಳು ಕೊಟ್ಟಿತ್ತು. ಆ ವರ್ಷ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ.

ತಡವಾಯಿತು ಎಂದು ಜಗಳ ತೆಗೆಯಲು ಈ ಪತ್ರ ಬರೆಯುತ್ತಿಲ್ಲ. ಪಟ್ಟಿ ಮಾಡಲು ಹೊರಟಾಗ ನಿಮ್ಮ ಕೈಯಲ್ಲಿ ಯಾವ ಅಳತೆಗೋಲು ಇರುತ್ತೆ ಅನ್ನೋದೊಂದೇ ನನ್ನ ಚಿಂತೆ. ಇಲ್ಲಿಯವರೆಗೆ ನಮ್ಮ ರಾಜ್ಯದಲ್ಲಿ ಅಳತೆಗೋಲು ಅಂದರೆ ಮರ. ಮರ ಇದ್ದರೆ ಕಾಡು, ಇಲ್ಲದಿದ್ದರೆ ಬೀಳು. ಈ ಲೆಕ್ಕದಲ್ಲಿ ಬಯಲುಸೀಮೆಯ ಹುಲ್ಲುಗಾವಲು, ಕುರುಚಲು, ಕಾವಲು (ದನಕುರಿ ಮೇಯಲೆಂದು ಬಿಟ್ಟ ಬಯಲು), ಯಾವುದೂ ಪಾಸಾಗುವುದಿಲ್ಲ.

ನಾನು ಹಿರಿಯೂರು ತಾಲೂಕಿನವನು. ತಜ್ಞನಲ್ಲ. ಒಂದಿಷ್ಟು ಹೊಲ, ಒಂದು ಹಳೇ ಬೈನಾಕ್ಯುಲರ್ ಇದೆ. ನಮ್ಮೂರಿನ ಬೆನ್ನಿಗೇ ಒಂದು ಕಾವಲಿದೆ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮಗಿಂತ ಮೊದಲು ಸೈಟು ಹುಡುಕುವವರು ಬಂದು ನಿಲ್ಲುತ್ತಾರೆ.

ಏಪ್ರಿಲ್‌ನಲ್ಲಿ ಬಂದರೆ ನಿಮಗೆ ಅಲ್ಲಿ ಏನೂ ಕಾಣುವುದಿಲ್ಲ. ಕೆಂಪು ನೆಲ, ನೊರಜುಗಲ್ಲು, ಅಲ್ಲಲ್ಲಿ ತಂಗಡಿ, ಬಂದ್ರಿ, ಕಾರೆ ಮುಳ್ಳು. ಹುಲ್ಲನ್ನು ಕುರಿಗಳು ಬುಡದವರೆಗೆ ಮೇಯ್ದಿರುತ್ತವೆ. ಬಿಸಿಲಿಗೆ ದೂರದ ಗುಡ್ಡ ನಡುಗುತ್ತಿರುತ್ತದೆ. ಉತ್ತರೆ ಮಳೆ ಬಿದ್ದು ಹದಿನೈದು ದಿನ ಬಿಟ್ಟು ಬನ್ನಿ. ಕರಡ ಹುಲ್ಲು ಮೊಣಕಾಲು ದಾಟಿರುತ್ತದೆ. ಪಂಚೆ ಉಟ್ಟು ನಡೆದರೆ ಅದರ ಸೂಜಿಯಂಥ ಬೀಜ ಅಂಚಿನುದ್ದಕ್ಕೂ ಹೊಲಿದುಕೊಂಡು ಮನೆಗೆ ಬರುತ್ತದೆ. ಸಂಜೆ ಜಗಲಿ ಮೇಲೆ ಕೂತು ಅವನ್ನು ಒಂದೊಂದೇ ಕೀಳುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಕಾಲಡಿಯಿಂದ ಗೌಜಲು ಹಕ್ಕಿ ಬುರ್ರನೆ ಎದ್ದರೆ ಎದೆ ಝಲ್ ಅನ್ನುತ್ತದೆ. ನೆಲಗುಬ್ಬಿ ಹಾಡುತ್ತಲೇ ಮೇಲೇರಿ, ಹಾಡುತ್ತಲೇ ಇಳಿಯುತ್ತದೆ. ಡಿಸೆಂಬರ್ ಹೊತ್ತಿಗೆ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಹದ್ದುಗಳು ಬರುತ್ತವೆ. ಹಗಲೆಲ್ಲ ಹುಲ್ಲಿನ ತುದಿ ಸವರಿಕೊಂಡು ತೇಲಾಡುತ್ತವೆ. ರಾತ್ರಿ ಮರ ಹುಡುಕಿಕೊಂಡು ಹೋಗುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಅಷ್ಟು ದೂರದಿಂದ ಬಂದ ಹಕ್ಕಿಗೆ ಮಲಗಲು ಬೇಕಾಗಿದ್ದು ಹುಲ್ಲು. ನಮ್ಮ ಮಾನದಂಡಕ್ಕೆ ಬೇಕಾಗಿದ್ದು ಮರ.

ಎರಡು ವರ್ಷದ ಹಿಂದೆ ಈ ಕಾವಲಿಗೆ ಒಂದು ಜೀಪು ಬಂತು. ಬಿರುಬೇಸಿಗೆ. ಇಳಿದವರು ಮೊಬೈಲಿನ ಆ್ಯಪ್ ತೆಗೆದು ನಾಲ್ಕು ಮೂಲೆಯಲ್ಲಿ ನಿಂತು ಫೋಟೋ ಹೊಡೆದರು. ಯಾವ ಕೆಲಸಕ್ಕೆ ಎಂದು ಕೇಳಿದರೆ 'ಸುಮ್ನೆ ಒಂದು ವರದಿಗೆ' ಎಂದರು. ಅಲ್ಲೇ ಬೇವಿನ ಮರದ ನೆರಳಲ್ಲಿ ಕುರಿ ತರುಬಿಕೊಂಡು ಕೂತಿದ್ದ ಅಜ್ಜನನ್ನು ಯಾರೂ ಮಾತಾಡಿಸಲಿಲ್ಲ. ಆ ಅಜ್ಜನಿಗೆ ಯಾವ ಮಳೆಗೆ ಯಾವ ಮೂಲೆಯಲ್ಲಿ ಯಾವ ಹುಲ್ಲು ಏಳುತ್ತೆ, ತೋಳ ಯಾವ ಹಳ್ಳದ ದಂಡೆಯಲ್ಲಿ ಮರಿ ಹಾಕುತ್ತೆ, ಎಲ್ಲ ಗೊತ್ತು. ತೋಳ ವರ್ಷಕ್ಕೆ ಒಂದೆರಡು ಕುರಿ ಹೊತ್ತೊಯ್ಯುವುದೂ ಗೊತ್ತು, ಬೈಯುತ್ತಾನೆ, ಆದರೂ ಆ ಹಳ್ಳದ ಕಡೆ ಬೆಂಕಿ ಹಾಕಲು ಬಿಡುವುದಿಲ್ಲ. ಅರ್ಧ ಗಂಟೆಯಲ್ಲಿ ಜೀಪು ಹೊರಟುಹೋಯಿತು. ಜಾತ್ರೆ ಮುಗಿದ ಮಾರನೇ ದಿನ ಬಂದು ಈ ಊರಲ್ಲಿ ಜನವೇ ಇಲ್ಲ ಎಂದು ಬರೆದುಕೊಂಡು ಹೋದ ಹಾಗಾಯಿತು.

ಈಗ ಲೆಕ್ಕದ ಮಾತಿಗೆ ಬರೋಣ. ನಮ್ಮ ಸರ್ಕಾರದಲ್ಲಿ ಇಂಥ ಜಾಗವನ್ನು ಮೂರು ಕಡೆ ಅಳೆಯುತ್ತಾರೆ.

ಅರಣ್ಯದ ಕಡೆಯವರು ಮರ ಎಣಿಸುತ್ತಾರೆ. 2002ರ ಪಟ್ಟಿಯಲ್ಲಿ ರಾಜ್ಯದ ಡೀಮ್ಡ್ ಅರಣ್ಯ, ಅಂದರೆ ದಾಖಲೆಯಲ್ಲಿ ಕಾಡಲ್ಲದಿದ್ದರೂ ಕಾಡೆಂದೇ ಪರಿಗಣಿಸುವ ಜಾಗ, 9.94 ಲಕ್ಷ ಹೆಕ್ಟೇರ್ ಇತ್ತು. 2014ರಲ್ಲಿ ಅದನ್ನು ಮತ್ತೆ ಪರಿಶೀಲಿಸಲು ಹೊಸ ಮಾನದಂಡ ತಂದರು. ಹೆಕ್ಟೇರಿಗೆ ಕನಿಷ್ಠ 50 ಮರ ಇರಬೇಕು ಅನ್ನೋದು ಅದರ ತಿರುಳು. ಜಿಲ್ಲೆ ಜಿಲ್ಲೆಯಲ್ಲಿ ಸಮಿತಿ ಕೂತು, ಸರ್ವೆ ಆಗಿ, 2022ರ ಮೇ ತಿಂಗಳಲ್ಲಿ ಅಧಿಸೂಚನೆ ಬಂದಾಗ ಪಟ್ಟಿಯಲ್ಲಿ ಉಳಿದಿದ್ದು 3.3 ಲಕ್ಷ ಹೆಕ್ಟೇರ್. 6.64 ಲಕ್ಷ ಹೆಕ್ಟೇರ್ ಹೊರಗೆ ಬಿತ್ತು. ಇದರಲ್ಲಿ ನ್ಯಾಯವಾದ ಪರಿಹಾರವೂ ಇತ್ತು, ಇಲ್ಲ ಎನ್ನುವುದಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ ಕಡೆ ತಲೆಮಾರಿನಿಂದ ಮನೆ, ತೋಟ, ಶಾಲೆ ಇದ್ದ ಜಾಗವೂ ಹಳೇ ಪಟ್ಟಿಯೊಳಗೆ ಸೇರಿಕೊಂಡಿತ್ತು. ಹಕ್ಕುಪತ್ರ ಸಿಗದೆ ಜನ ಕಚೇರಿ ಅಲೆದಿದ್ದು ಸುಳ್ಳಲ್ಲ. ಆದರೆ ಮನೆ ಇರುವ ಜಾಗವನ್ನು ಹೊರಗೆ ಬಿಡಲು ಹಿಡಿದ ಜರಡಿಯಲ್ಲಿ ಹುಲ್ಲುಗಾವಲೂ ಸೋರಿಹೋಯಿತಲ್ಲ, ಅದಕ್ಕೆ ಯಾರು ಉತ್ತರ ಕೊಡುತ್ತಾರೆ?

ತಮಾಷೆ ಏನು ಗೊತ್ತಾ? ಬಳ್ಳಾರಿ ಜಾಲಿ ಹೆಕ್ಟೇರಿಗೆ 50 ಅಲ್ಲ, 500 ಬೇಕಾದರೂ ಬೆಳೆಯುತ್ತದೆ. ಯಾರೂ ನೆಡಬೇಕಿಲ್ಲ. ಕೆರೆ ಅಂಗಳ, ಗೋಮಾಳ ಎಲ್ಲ ಕಡೆ ತಾನೇ ಬಂದು ಹುಲ್ಲನ್ನು ಕೊಂದು ನಿಂತಿದೆ. ಬರೀ ಮರದ ಲೆಕ್ಕ ಹಾಕಿದರೆ ಜಾಲಿ ಪಾಸ್, ಕರಡ ಫೇಲ್.

ಎರಡನೆಯದು ಕಂದಾಯದ ಕಡೆ. ಅಲ್ಲಿ ದನ ಎಣಿಸುತ್ತಾರೆ. ಭೂ ಕಂದಾಯ ನಿಯಮದ ಪ್ರಕಾರ 100 ಜಾನುವಾರಿಗೆ 30 ಎಕರೆ ಗೋಮಾಳ ಬಿಡಬೇಕು. ಕೇಳಲು ಚೆನ್ನಾಗಿದೆ. ಆದರೆ ಇದೇ ಲೆಕ್ಕವನ್ನು ತಿರುಗಿಸಿ ಹಿಡಿದರೆ, ಊರಲ್ಲಿ ದನ ಕಮ್ಮಿ ಆದ ತಕ್ಷಣ ಗೋಮಾಳ 'ಹೆಚ್ಚುವರಿ' ಆಗುತ್ತದೆ. ಮಳೆ ಕೈಕೊಟ್ಟು ದನ ಮಾರಿಕೊಂಡ ವರ್ಷ ಗಣತಿ ಆದರೆ ಮುಗಿಯಿತು. ಹೆಚ್ಚುವರಿ ಎಂದು ಬರೆದ ಮೇಲೆ ಅದು ಸೈಟಿಗೆ, ಸಬ್‌ಸ್ಟೇಷನ್‌ಗೆ, ಕಸದ ಗುಂಡಿಗೆ, ಯಾವುದಕ್ಕಾದರೂ ಸರಿ. ಪಹಣಿಯಲ್ಲಿ 'ಹುಲ್ಲುಬನ್ನಿ ಖರಾಬು' (ಸಾಗುವಳಿ ಇಲ್ಲದ ಹುಲ್ಲಿನ ಜಾಗ) ಎಂದಿರುವ ಸರ್ವೆ ನಂಬರುಗಳ ಗತಿಯೂ ಇದೇ. ಕೃಷ್ಣಮೃಗ ಜಾನುವಾರು ಗಣತಿಯಲ್ಲಿ ಬರುವುದಿಲ್ಲ ನೋಡಿ.

ಮೂರನೆಯದು ಆಕಾಶದಿಂದ. ದೇಶದ ಅರಣ್ಯ ಸ್ಥಿತಿ ವರದಿಯಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಜಾಸ್ತಿ ಮರದ ನೆರಳಿರುವ ಯಾವ ಜಾಗವಾದರೂ 'ಅರಣ್ಯ ಹೊದಿಕೆ'. ಯಾರದ್ದು, ಏನು ಬೆಳೆದಿದ್ದಾರೆ ಅನ್ನೋದು ಲೆಕ್ಕಕ್ಕಿಲ್ಲ. ಮಾವಿನ ತೋಪೂ ಬರುತ್ತದೆ, ನೀಲಗಿರಿ ತೋಪೂ ಬರುತ್ತದೆ. ನಮ್ಮ ಕಾವಲು ಬರುವುದಿಲ್ಲ. ಅದಕ್ಕೆ ಬೇರೆ ಪುಸ್ತಕ ಇದೆ. ಕೇಂದ್ರ ಸರ್ಕಾರ ಉಪಗ್ರಹ ಚಿತ್ರ ನೋಡಿ ಮಾಡಿಸುವ ಪಾಳುಭೂಮಿ ನಕ್ಷೆಯಲ್ಲಿ ಕುರುಚಲು ಜಾಗಕ್ಕೆಂದೇ ಒಂದು ಬಣ್ಣ ಇಟ್ಟಿದ್ದಾರೆ. ಪಾಳು ಎಂದು ನಕ್ಷೆಯಲ್ಲಿ ಬಿದ್ದ ಜಾಗದ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಸೋಲಾರ್ ಬೇಕೇ, ಕಾರ್ಖಾನೆ ಬೇಕೇ, ಬೇರೆಲ್ಲೋ ಕಡಿದ ಕಾಡಿಗೆ ಬದಲಿಯಾಗಿ ಗಿಡ ನೆಡಬೇಕೇ, ಎಲ್ಲದಕ್ಕೂ ಮೊದಲ ವಿಳಾಸ ಅದೇ.

ಮರ ಎಣಿಸಿದರು, ದನ ಎಣಿಸಿದರು, ನೆರಳು ಅಳೆದರು. ಆ ನೆಲದ ಮೇಲೆ ನಿಜವಾಗಿ ಏನು ಬದುಕುತ್ತಿದೆ ಎಂದು ನೋಡುವ ಕೆಲಸ ಮಾತ್ರ ಯಾವ ಟೇಬಲ್ಲಿಗೂ ಬರಲಿಲ್ಲ.

ಇದು ನಮಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಮೈಸೂರು ಸಂಸ್ಥಾನ ಇದನ್ನು ಚೆನ್ನಾಗಿ ಬಲ್ಲದಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ, ಮುಂದೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಫಿರಂಗಿ ಎಳೆಯುವ ಎತ್ತುಗಳಿಗೆ ಹುಲ್ಲು ಬೇಕು, ಅದಕ್ಕೆ ಕಾವಲು ಬೇಕು. ಹಾಗಾಗಿ ಊರೂರಿನ ಹುಲ್ಲುಗಾವಲನ್ನು ಗುರುತಿಸಿ ಮೂರು ಬಗೆ ಮಾಡಿದ್ದರು: ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಯಾವ ನೆಲದಲ್ಲಿ ಯಾವಾಗ ಮೇವು, ಯಾವಾಗ ನೀರು ಎಂದು ನೋಡಿ ಮಾಡಿದ ವಿಂಗಡಣೆ ಅದು. ಹಿಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿತ್ತು, ಬಿಟ್ಟುಬಂದ ಕಡೆ ಹುಲ್ಲು ಮತ್ತೆ ಚಿಗುರುತ್ತಿತ್ತು. ಅವರ ಉದ್ದೇಶ ಯುದ್ಧ, ಪಕ್ಷಿ ಸಂರಕ್ಷಣೆ ಅಲ್ಲ. ಇರಲಿ. ಆದರೆ ಉಪಗ್ರಹ ಇಲ್ಲದ ಕಾಲದಲ್ಲಿ ಅವರು ಹಾಕಿದ ಲೆಕ್ಕ ನಮ್ಮ ಆ್ಯಪಿಗಿಂತ ನೆಲಕ್ಕೆ ಹತ್ತಿರವಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆ ಯಾಕೆ?

ಆ ಕಾವಲುಗಳ ಇವತ್ತಿನ ಕಥೆ ನಿಮಗೇ ಗೊತ್ತಿದೆ. ಲಕ್ಷಗಟ್ಟಲೆ ಎಕರೆ ಇದ್ದದ್ದು ಸ್ವಾತಂತ್ರ್ಯದ ನಂತರ ಆಹಾರ ಬೆಳೆಯಲು, ಪುನರ್ವಸತಿಗೆ, ದರಖಾಸ್ತಿಗೆ, ಒತ್ತುವರಿಗೆ ಎಂದು ಕರಗುತ್ತಾ ಬಂತು. ನಮ್ಮ ಪಕ್ಕದ ಚಳ್ಳಕೆರೆ ತಾಲೂಕಿನಲ್ಲಿ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆಯನ್ನು 2008ರಿಂದ ಈಚೆಗೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಜನ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ಇವತ್ತು ಅಲ್ಲಿ ವಿಮಾನ ಪರೀಕ್ಷೆಯ ರನ್‌ವೇ ಇದೆ. ಇಸ್ರೋದ ರೆಕ್ಕೆ ಇರುವ ವಾಹನ 2023ರಲ್ಲಿ ತಾನೇ ಬಂದು ಅಲ್ಲಿ ಇಳಿದಾಗ ನಾನೂ ಟೀವಿ ಮುಂದೆ ಕೂತು ಚಪ್ಪಾಳೆ ಹೊಡೆದವನೇ. ದೇಶಕ್ಕೆ ರನ್‌ವೇ ಬೇಡ ಎನ್ನುವ ವಾದ ನನ್ನದಲ್ಲ. ಆ ನೆಲ ಖಾಲಿ ಇದೆ ಎಂದುಕೊಂಡೇ ಹಂಚಿದರಲ್ಲ, ಅದು ನನ್ನ ಸಂಕಟ. ಆ ಕಾವಲುಗಳಲ್ಲಿ ಮ್ಯಾಸಬೇಡರ ದೇವರ ಎತ್ತುಗಳು ಮೇಯುತ್ತಿದ್ದವು. ಕಿಲಾರಿಗಳು ತಲೆತಲಾಂತರದಿಂದ ಆ ಹಿಂಡುಗಳನ್ನು ಕಾಯ್ದುಕೊಂಡು ಬಂದವರು. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದಿದ್ದು ಆ ಹುಲ್ಲು ತಿಂದ ಕುರಿಯ ಉಣ್ಣೆಯಿಂದ. ಕೃಷ್ಣಮೃಗ ಇತ್ತು, ತೋಳ ಇತ್ತು. ಇಷ್ಟೆಲ್ಲ ಮೊದಲೇ ಬರೆದಿಟ್ಟು, ಆಮೇಲೂ ಕೊಡುವುದೇ ಸರಿ ಎಂದು ತೀರ್ಮಾನಿಸಿದ್ದರೆ ಅದು ಒಂದು ಮಾತು. ಎಲ್ಲಿ ಬಿಡಬೇಕು, ಎಷ್ಟು ಬಿಡಬೇಕು, ಹಿಂಡಿಗೆ ದಾರಿ ಎಲ್ಲಿ, ಇದನ್ನಾದರೂ ಮಾತಾಡಬಹುದಿತ್ತು.

ಕೊಡುವುದು ಒಂದು ಬಗೆಯ ಹಾನಿ. ಪ್ರೀತಿಯಿಂದ ಮಾಡುವ ಹಾನಿ ಇನ್ನೊಂದು. ರಾಣೆಬೆನ್ನೂರು ನೋಡಿ. ಕೃಷ್ಣಮೃಗಕ್ಕೆಂದೇ 1974ರಲ್ಲಿ 119 ಚದರ ಕಿ.ಮೀ. ಜಾಗವನ್ನು ವನ್ಯಧಾಮ ಮಾಡಿದರು. ಆದರೆ ಅದರೊಳಗೆ ಬಹುಪಾಲು ನೀಲಗಿರಿ ತೋಪು. ದೊರೆವಾಯನ ಹಕ್ಕಿ, ನಮ್ಮ ಜನ ಎರೆಭೂತ ಎನ್ನುವ ದೊಡ್ಡ ಹಕ್ಕಿ, ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿತ್ತು. ಅದಕ್ಕೆ ಕಣ್ಣು ಹಾಯಿಸುವಷ್ಟು ದೂರ ಬಯಲು ಬೇಕು. ಮರದ ಸಾಲಿನ ನಡುವೆ ಅದು ಬದುಕುವ ಹಕ್ಕಿಯಲ್ಲ. ಅಲ್ಲಿಂದ ಮರೆಯಾಯಿತು. ಈಗ ರಾಜ್ಯದಲ್ಲಿ ಸಿರುಗುಪ್ಪದ ಕಡೆಯ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ನೀಲಗಿರಿ ನೆಡಬೇಡಿ ಎಂದು ಸರ್ಕಾರವೇ 2017ರಲ್ಲಿ ಆದೇಶ ಹೊರಡಿಸಿತು, ಸಂತೋಷ. ಆದರೆ ನೆಡುವ ಚಟ ಹೋಗಿಲ್ಲ. ನಮ್ಮ ಕಾವಲಿನ ಒಂದು ಮೂಲೆಯಲ್ಲೂ ಯಾವುದೋ ಯೋಜನೆಯ ದುಡ್ಡಲ್ಲಿ ಜೆಸಿಬಿ ತಂದು ಸಾಲು ಸಾಲು ಗುಂಡಿ ತೋಡಿಸಿದರು. ಶತಮಾನಗಳಿಂದ ನೇಗಿಲು ಕಾಣದ ಹುಲ್ಲಿನ ಬೇರು ಮೇಲೆ ಬಂದು ಒಣಗಿತು. ಸಸಿಗಳಲ್ಲಿ ಅರ್ಧ ಆ ಬೇಸಿಗೆಯಲ್ಲೇ ಸತ್ತವು. ಗುಂಡಿಗಳು ಹಾಗೇ ಇವೆ, ಕುರಿಮರಿ ಬಿದ್ದು ಕಾಲು ಮುರಿದುಕೊಳ್ಳುತ್ತವೆ. ಹಸಿರು ಬೋರ್ಡ್ ಮಾತ್ರ ಹೊಳೆಯುತ್ತಿದೆ. ಹುಲ್ಲು ತನ್ನ ಇಂಗಾಲವನ್ನು ಜಾಸ್ತಿ ಇಟ್ಟುಕೊಳ್ಳುವುದು ಮಣ್ಣೊಳಗೆ, ಬೇರಿನಲ್ಲಿ. ಅಲ್ಲಿಗೇ ಜೆಸಿಬಿ ಹಾಕಿ ಹವಾಮಾನ ಉಳಿಸುತ್ತೇವೆ ಎಂದರೆ ಏನು ಹೇಳೋದು?

ಬರೆದಿಟ್ಟ ಮೌಲ್ಯಮಾಪನ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಎರಡೂ ನಿಮ್ಮ ಕಡತದಲ್ಲೇ ಇವೆ.

ಹೆಸರಘಟ್ಟದ ಹುಲ್ಲುಗಾವಲು ಬೆಂಗಳೂರಿನ ಅಂಚಿಗೇ ಇದೆ. ಸಂರಕ್ಷಣಾ ಮೀಸಲು ಮಾಡಿ ಎಂಬ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ವಿಷಯ ಹೈಕೋರ್ಟಿಗೆ ಹೋಯಿತು. 2024ರಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ಆ ಮೂರು ವರ್ಷದಲ್ಲಿ ಹುಲ್ಲೇನೂ ಹೊಸದಾಗಿ ಬಂದಿರಲಿಲ್ಲ. ಹಕ್ಕಿಗಳೂ ಅವೇ. ಬದಲಾಗಿದ್ದು ಸಭೆಯಲ್ಲಿ ಕೂತವರು, ಹೊರಗಿನ ಒತ್ತಡ. ಈ ಸಲ ಒಳ್ಳೆಯ ಕಡೆಗೆ ವಾಲಿತು. ಮುಂದಿನ ಸಲ?

ಕಪ್ಪತಗುಡ್ಡದ್ದು ಇನ್ನೂ ಸ್ವಾರಸ್ಯ. ಗದಗ ಜಿಲ್ಲೆಯ ಆ ಗುಡ್ಡಸಾಲಿನ 17,872 ಹೆಕ್ಟೇರನ್ನು 2015ರಲ್ಲಿ ಸಂರಕ್ಷಣಾ ಮೀಸಲು ಎಂದರು. 2016ರಲ್ಲಿ ವಾಪಸ್ ಪಡೆದರು. ಜನರನ್ನು ಕೇಳಿರಲಿಲ್ಲ ಎನ್ನುವುದು ಕಾರಣವಾಗಿತ್ತು. ಗುಡ್ಡದ ಕೆಳಗಿನ ಚಿನ್ನದ ಮೇಲೆ ಗಣಿಯವರ ಕಣ್ಣಿತ್ತು ಅನ್ನೋದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಜನರ ಜೊತೆ ಬೀದಿಗಿಳಿದರು. ಆಮೇಲೆ ಗದಗಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಸಿ ಕೇಳಿದರು. ಗುಡ್ಡ ಉಳಿಸಿ ಎಂದು ಜನ ಗಟ್ಟಿಯಾಗಿ ಹೇಳಿದರು. 2017ರಲ್ಲಿ ಮೀಸಲು ಸ್ಥಾನ ಮರಳಿ ಬಂತು, 2019ರಲ್ಲಿ ಅದು ವನ್ಯಜೀವಿ ಧಾಮವೇ ಆಯಿತು. ಜನರನ್ನು ಕೇಳಿದರೆ ಕೆಲಸ ಕೆಡುತ್ತೆ ಎಂದು ಹೆದರುವ ಅಧಿಕಾರಿಗಳಿಗೆ ಕಪ್ಪತಗುಡ್ಡವನ್ನು ತೋರಿಸಿ. ಕೇಳದೆ ಮಾಡಿದ್ದು ಒಂದು ವರ್ಷವೂ ನಿಲ್ಲಲಿಲ್ಲ, ಕೇಳಿ ಮಾಡಿದ್ದು ನಿಂತಿದೆ.

ಒಳ್ಳೆಯ ಕೆಲಸ ಆಗಿಯೇ ಇಲ್ಲ ಎಂದು ನಾನು ಹೇಳಲಾರೆ. ಮಧುಗಿರಿ ಕಡೆ ಮೈದನಹಳ್ಳಿಯ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಎಂದರು. ಶಿರಾ ಕಡೆಯ ಬುಕ್ಕಾಪಟ್ಟಣದಲ್ಲಿ ಚಿಂಕಾರ ಎಂಬ ಹುಲ್ಲೆಗೆ 2019ರಲ್ಲಿ ಧಾಮ ಬಂತು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೂ ಒಂದು ಧಾಮ ಆಗಿದೆ. ಇವೆಲ್ಲ ಮರ ಎಣಿಸಿ ಮಾಡಿದ್ದಲ್ಲ. ಅಂದರೆ ಮನಸ್ಸು ಮಾಡಿದರೆ ಬೇರೆ ಕಣ್ಣಿನಿಂದ ನೋಡಲು ನಿಮಗೆ ಬರುತ್ತೆ ಅಂತಾಯಿತಲ್ವಾ? ಅದೇ ಕಣ್ಣನ್ನು ಈ ಪಟ್ಟಿಗೂ ತನ್ನಿ ಎನ್ನುತ್ತಿದ್ದೇನೆ.

ಹೊರದೇಶದಿಂದ ಒಂದೇ ಒಂದು ವಿಷಯ ಎರವಲು ತರಬಹುದು. ಅಮೆರಿಕದಲ್ಲಿ 1976ರ ಕಾನೂನು ಸರ್ಕಾರಿ ಜಮೀನು ನೋಡಿಕೊಳ್ಳುವ ಇಲಾಖೆಗೆ ಹೀಗೆ ಹೇಳಿತು: ರಸ್ತೆ ಇಲ್ಲದ 5,000 ಎಕರೆಗಿಂತ ದೊಡ್ಡ ಜಾಗಗಳನ್ನೆಲ್ಲ ಪರಿಶೀಲಿಸಿ, ಕಾಡಾಗಿಯೇ ಉಳಿಸಲು ಯೋಗ್ಯವೇ ಎಂದು 15 ವರ್ಷದೊಳಗೆ ವರದಿ ಕೊಡಿ. ಹಾಗೆ ಗುರುತಿಸಿದ ಜಾಗವನ್ನು ಅಲ್ಲಿನ ಸಂಸತ್ತು ತೀರ್ಮಾನಿಸುವ ತನಕ ಕೆಡಿಸಬೇಡಿ. ಈ ಕೊನೆಯ ಮಾತು ನಮಗೆ ಬೇಕು. ಉಳಿದದ್ದು ಬೇಡ. ಮನುಷ್ಯರ ಕೈ ತಾಗದ ಜಾಗ ಮಾತ್ರ ಉಳಿಸಲು ಯೋಗ್ಯ ಅನ್ನುವ ಅವರ ಯೋಚನೆ ನಮ್ಮ ಕಾವಲಿಗೆ ಹೊಂದುವುದಿಲ್ಲ. ನಮ್ಮ ಹುಲ್ಲುಗಾವಲು ಹೀಗಿರುವುದೇ ಕುರಿ, ದನ, ಕುರಿಗಾಹಿ ಎಲ್ಲ ಸೇರಿ. ಮೇಯಿಸುವುದನ್ನು ಪೂರ್ತಿ ನಿಲ್ಲಿಸಿ ತಂತಿಬೇಲಿ ಹಾಕಿದರೆ ಕೆಲವೇ ವರ್ಷದಲ್ಲಿ ಮುಳ್ಳುಪೊದೆ, ಲಂಟಾನ, ಜಾಲಿ ಏರಿಬರುತ್ತವೆ. ಜಾಸ್ತಿ ಮೇಯಿಸಿದರೂ ಕೆಡುತ್ತದೆ, ಅದೂ ನಿಜ. ಹದ ಗೊತ್ತಿರುವುದು ಅಲ್ಲಿ ದಿನಾ ಓಡಾಡುವವರಿಗೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮೊದಲನೆಯದಾಗಿ ಜೀಪು ಬೇಸಿಗೆಯಲ್ಲಿ ಒಂದು ಸಲ ಬಂದು ಹೋದರೆ ಸಾಲದು. ಉತ್ತರೆ, ಹಸ್ತ ಮಳೆ ಆದ ಮೇಲೆ ಒಮ್ಮೆ ಬರಲಿ, ಡಿಸೆಂಬರ್, ಜನವರಿಯ ಚಳಿಯಲ್ಲಿ ಇನ್ನೊಮ್ಮೆ ಬರಲಿ. ಹಳೇ ಕಾವಲಿನ ಮೂರು ಕಾಲದ ಲೆಕ್ಕವನ್ನೇ ಹಿಡಿಯಿರಿ. ಇದು ಆರು ತಿಂಗಳ ಗಡುವಿನಲ್ಲಿ ಹಿಡಿಯುವ ಕೆಲಸ ಅಲ್ಲ; ಕೋರ್ಟಿಗೆ ಹಾಗೆಂದೇ ಹೇಳಿ, ಕಾಲಾವಕಾಶ ಕೇಳಿ. ಗಡುವಿಗೆ ಹೆದರಿ ಅರ್ಧಂಬರ್ಧ ಪಟ್ಟಿ ಕೊಟ್ಟರೆ ಅದೇ ಶಾಶ್ವತ ದಾಖಲೆ ಆಗಿಬಿಡುತ್ತದೆ. ಆ ಪಟ್ಟಿ ಮುಗಿಯುವ ತನಕ ಕಾವಲು, ಗೋಮಾಳ, ಹುಲ್ಲುಬನ್ನಿ ಎಂದಿರುವ ಯಾವ ದೊಡ್ಡ ಜಾಗವನ್ನೂ ಯಾರಿಗೂ ಹಂಚಬೇಡಿ, ಗುಂಡಿಯನ್ನೂ ತೋಡಬೇಡಿ.

ನೋಡುವಾಗ ಮರದ ಜೊತೆ ಇನ್ನೇನು ನೋಡಬೇಕು ಎಂದು ಸಮಿತಿ ಬರೆದು ಪ್ರಕಟಿಸಲಿ. ಮೂಲದ ಹುಲ್ಲು ಎಷ್ಟು ಉಳಿದಿದೆ, ನೆಲ ಯಾವತ್ತಾದರೂ ಉಳುಮೆ ಕಂಡಿದೆಯೇ, ಗೂಡು ಕಟ್ಟುವ ಹಕ್ಕಿ ಯಾವುವು, ತೋಳ, ನರಿ, ಕೊಂಡುಕುರಿಯ ಜಾಡು ಇದೆಯೇ, ಹಳ್ಳ ಎಲ್ಲಿ ಹುಟ್ಟಿ ಯಾವ ಕೆರೆಗೆ ಹೋಗುತ್ತೆ, ಪಕ್ಕದ ಇನ್ನೊಂದು ಕಾವಲಿಗೆ ಪ್ರಾಣಿಗಳು ದಾಟಲು ದಾರಿ ಉಳಿದಿದೆಯೇ. ಕೊನೆಯದು ಮುಖ್ಯ. ಒಂದೊಂದು ಸರ್ವೆ ನಂಬರನ್ನು ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಾಗಿ ಕಾಣುವುದಿಲ್ಲ. ನಾಲ್ಕು ಹಳ್ಳಿಯ ಗೋಮಾಳ, ಒಂದು ಕಾವಲು, ಒಂದು ಸೇಂದಿವನ (ಈಚಲು ಮರದ ತೋಪು), ಹಳ್ಳದ ದಂಡೆ ಎಲ್ಲ ಸೇರಿಸಿ ನೋಡಿದರೆ ತೋಳಕ್ಕೆ ಸಾಕಾಗುವಷ್ಟು ನಾಡು ಕಾಣುತ್ತದೆ. ಅರಣ್ಯದವರ ನಕ್ಷೆ, ಕಂದಾಯದವರ ಪಹಣಿ, ಪಶುಸಂಗೋಪನೆಯವರ ಅಮೃತ ಮಹಲ್ ದಾಖಲೆ, ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿದರೆ ಇದು ಆಗುವ ಕೆಲಸ. ಈ ಪತ್ರವನ್ನು ಇಬ್ಬರು ಸಚಿವರಿಗೂ ಬರೆದಿದ್ದು ಅದಕ್ಕೇ.

ಪಟ್ಟಿಗೆ ಸೇರಿದರೆ ನಮ್ಮನ್ನು ಓಡಿಸುತ್ತಾರೆ ಎಂಬ ಭಯ ಕುರಿಗಾಹಿಗಳಿಗೆ ಇದೆ. ಸುಮ್ಮನೆ ಹುಟ್ಟಿದ ಭಯ ಅಲ್ಲ ಅದು. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಮೇಯಿಸುವ ಹಕ್ಕನ್ನು, ಹಿಂಡಿನ ಜೊತೆ ಅಲೆಯುವವರ ಹಕ್ಕನ್ನೂ ಒಪ್ಪಿಕೊಂಡಿದೆ. ಗುರುತಿಸುವ ಕೆಲಸದ ಜೊತೆಗೇ ಆ ಹಕ್ಕನ್ನೂ ಬರೆದುಕೊಡಿ, ಆಮೇಲೆ ನೋಡೋಣ ಎನ್ನಬೇಡಿ. ಬಗರ್ ಹುಕುಂನಲ್ಲಿ ಎರಡೋ ಮೂರೋ ಎಕರೆ ಉಳುವ ಬಡವನನ್ನೂ, ನೂರಾರು ಎಕರೆಗೆ ಬೇಲಿ ಸುತ್ತಿದವನನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಬೇಡಿ. ಸಮಿತಿಯಲ್ಲಿ ನಿವೃತ್ತ ಅಧಿಕಾರಿಗಳು, ಪ್ರಾಧ್ಯಾಪಕರು ಇರಲಿ, ಒಳ್ಳೆಯದೇ. ಪ್ರತಿ ತಾಲೂಕಿನಿಂದ ಒಬ್ಬ ಕುರಿಗಾಹಿಯೂ ಕೂರಲಿ. ದಿನಭತ್ಯೆ ಕೊಟ್ಟು ಕೂರಿಸಿ. ಆ ದಿನ ಅವನ ಹಿಂಡು ನೋಡಿಕೊಳ್ಳಲು ಬೇರೆಯವರಿಗೆ ಕೂಲಿ ಕೊಡಬೇಕಾಗುತ್ತದಲ್ಲ.

ಕೊನೆಯದಾಗಿ, ಕರಡು ಪಟ್ಟಿಯನ್ನು ಬರೀ ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲಿ ಹಾಕಿ ಕೈತೊಳೆದುಕೊಳ್ಳಬೇಡಿ. ಕನ್ನಡದಲ್ಲಿ, ಸರ್ವೆ ನಂಬರ್ ಸಮೇತ, ಪ್ರತಿ ಗ್ರಾಮ ಪಂಚಾಯ್ತಿಯ ಗೋಡೆಗೆ ಅಂಟಿಸಿ. ಗ್ರಾಮಸಭೆಯಲ್ಲಿ ಓದಿಸಿ. ಪಟ್ಟಿಯಲ್ಲಿ ಸೇರಿದ ಜಾಗಗಳ ಜೊತೆಗೆ ಬಿಟ್ಟ ಜಾಗಗಳನ್ನೂ ಹಾಕಿ. ಯಾಕೆ ಬಿಟ್ಟಿರಿ ಎಂದು ಒಂದೊಂದಕ್ಕೂ ಒಂದು ಸಾಲು ಬರೆಯಿರಿ, ಯಾವ ತಾರೀಖು ಯಾರು ಬಂದು ನೋಡಿದರು ಎಂದೂ ಬರೆಯಿರಿ. ಆಕ್ಷೇಪಣೆಗೆ ಅರವತ್ತು ದಿನ ಕೊಡಿ. ಆ ಸಾಲಿನಲ್ಲಿ 'ಮರ ಇಲ್ಲ' ಎಂದಷ್ಟೇ ಇದ್ದರೆ ನಮ್ಮೂರಿನ ಮೊದಲ ಆಕ್ಷೇಪಣೆ ಅರ್ಜಿ ನನ್ನದೇ ಆಗಿರುತ್ತದೆ.

ಇಂತಿ,
ಹಿರಿಯೂರು ತಾಲೂಕಿನ ಕಾವಲು ಪಕ್ಕದ ಒಬ್ಬ ರೈತ